ಕಾಲುಸಂಕದಾಚೆಯ ಕೂಸು

ಎರಡು ವರ್ಷಗಳ ಹಿಂದಿನ ಆಷಾಢದಲ್ಲಿ ಭಕ್ತರೊಬ್ಬರ ಬಿನ್ನಹದ ಮೇರೆಗೆ ನಾವು ಬೈಂದೂರು ತಾಲೂಕಿನ ಒಳಗ್ರಾಮವೊಂದಕ್ಕೆ ದಯಮಾಡಿಸಬೇಕಾಯಿತು. ಅವರು ಗದಗ ಸೀಮೆಯವರು. ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಶಿಕ್ಷಕರಾಗಿ ಕಡಲಸೀಮೆಗೆ ನೇಮಕಗೊಂಡವರು. ಅವರ ಮನೆಯನ್ನು ತಲುಪಲು ಕಾಲುಸಂಕವೊಂದನ್ನು ದಾಟಬೇಕು. ಅಡಕೆಮರದ ಕಾಂಡಗಳನ್ನು ಜೋಡಿಸಿ ಕಟ್ಟಿದ ಸಂಕ; ಮೇಲೆ ಪಾಚಿ, ಕೆಳಗೆ ಕೆಂಪುನೀರು. 2022ರ ಆಗಸ್ಟ್ ತಿಂಗಳಲ್ಲಿ ಇದೇ ತಾಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಬಾಲಕಿಯೊಬ್ಬಳು ಇಂಥ ಸಂಕದಿಂದ ಜಾರಿ ನೀರುಪಾಲಾದ ಸುದ್ದಿಯನ್ನು ನಾವು ಓದಿದ್ದೆವು. ಬಯಲುಸೀಮೆಯ ನಮಗೆ ಅಂದು ಕಾಲು ನಡುಗಿದುದನ್ನು ಮುಚ್ಚಿಡುವುದಿಲ್ಲ.

ಶಿಕ್ಷಕರ ನಾಲ್ಕು ವರ್ಷದ ಮಗಳಿಗೆ ಸಕ್ಕರೆ ಕಾಯಿಲೆ. ವಯಸ್ಸಾದವರಿಗೆ ಬರುವ ತೆರನಾದುದಲ್ಲ. ದೇಹದಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಂತು, ಬದುಕಿರುವಷ್ಟು ದಿನವೂ ಅದನ್ನು ಸೂಜಿಯಿಂದಲೇ ಕೊಡಬೇಕಾದ ತೆರನಾದುದು. ದೊಡ್ಡ ಆಸ್ಪತ್ರೆಯೊಂದರಲ್ಲಿ ಹತ್ತು ದಿನ ಇರಿಸಿಕೊಂಡು, ಮನೆಗೆ ಕಳುಹಿಸುವ ದಿನ ಅರ್ಧ ಗಂಟೆಯಲ್ಲಿ ತಾಯಿಗೆ ಎಲ್ಲವನ್ನೂ ತಿಳಿಸಿ, ಇಂಗ್ಲಿಷಿನ ಹಾಳೆಯೊಂದನ್ನು ಕೈಗಿತ್ತಿದ್ದರು. ಚಿಕಿತ್ಸೆಯಲ್ಲಿ ಲೋಪವಿರಲಿಲ್ಲ. ಆದರೆ ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಮನೆಯಲ್ಲಿ ಔಷಧವನ್ನು ತಣ್ಣಗೆ ಇರಿಸುವುದು ಹೇಗೆಂಬುದು ಆ ಹಾಳೆಯಲ್ಲಿರಲಿಲ್ಲ.

"ಅಜ್ಜಾರ, ಕೂಸು ಬೆವತು ನೀರಾಗಿತ್ತರಿ. ಸೂಜಿ ಹಾಕಬೇಕೋ ಬಿಡಬೇಕೋ ತಿಳೀಲಿಲ್ರಿ" ಎಂದು ಆ ತಾಯಿ ನಮ್ಮೆದುರು ಅತ್ತರು. ನಡೆದುದಿಷ್ಟು. ಶೀಶೆಯ ಇನ್ಸುಲಿನ್ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಎರಡು ಬಲದಲ್ಲಿ ದೊರೆಯುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. ಔಷಧದಂಗಡಿಯವರು ಈ ಬಾರಿ 100ರ ಶೀಶೆಯನ್ನು ಕೊಟ್ಟಿದ್ದರು. ಮನೆಯಲ್ಲಿದ್ದುದು ಕೆಂಪು ಮುಚ್ಚಳದ ಸಿರಿಂಜು. ತಾಯಿ ಎಂದಿನ ಗೆರೆಯವರೆಗೇ ಎಳೆದರು. ಮಗುವಿನ ಮೈಗೆ ಸೇರಿದುದು ಎರಡೂವರೆ ಪಟ್ಟು. ಬೆಳಗಿನ ಜಾವಕ್ಕೆ ಕೂಸು ಬೆವತು, ಮಂಕಾಗಿ, ಕರೆದರೆ ಅರೆಗಣ್ಣು ತೆರೆಯುತ್ತಿತ್ತು. ರೋಗವೇ ಉಲ್ಬಣಿಸಿತೆಂದು ಬಗೆದು ಆ ತಾಯಿ ಇನ್ನೊಂದು ಸೂಜಿಗೆ ಸಿದ್ಧರಾಗಿದ್ದರು!

ನೆರೆಮನೆಗೆ ಬಂದಿದ್ದ ಯುವತಿಯೊಬ್ಬಳು ಓಡಿಬಂದು ಆ ಕೈಯನ್ನು ತಡೆದಳು. ಬ್ರಹ್ಮಾವರದ ಕಡೆಯ ಹೆಣ್ಣುಮಗಳು. ಮಕ್ಕಳ ಶುಶ್ರೂಷೆಯಲ್ಲಿ ಎಂ.ಎಸ್‌ಸಿ. ಮಾಡಿದವಳು. ಬೆರಳ ತುದಿಯ ರಕ್ತ ಪರೀಕ್ಷಿಸಿ, ಮಗು ನುಂಗಬಲ್ಲದೆಂಬುದನ್ನು ಖಚಿತಪಡಿಸಿಕೊಂಡು ಸಕ್ಕರೆನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ನುಂಗಲಾರದ ಸ್ಥಿತಿಯಲ್ಲಿ ಬಾಯಿಗೆ ಏನನ್ನೂ ಹಾಕಬಾರದೆಂಬುದನ್ನು ನಾವೂ ಅಂದೇ ತಿಳಿದೆವು. ಆಮೇಲಿನ ಮೂರು ಸಂಜೆ ಆಕೆ ಅಡಿಗೆಮನೆಯಲ್ಲೇ ಕುಳಿತು ತಾಯಿಗೆ ಪಾಠ ಹೇಳಿದಳು: ಒದ್ದೆ ಮರಳಿನ ನಡುವೆ ಮಡಕೆಯಿಟ್ಟು ಶೀಶೆಯನ್ನು ಕಾಯುವುದು, ಮುಚ್ಚಳದ ಬಣ್ಣ ನೋಡುವುದು, ಗಂಜಿಯ ಅಳತೆ, ಶಾಲೆಯ ಚೀಲದಲ್ಲಿ ಸದಾ ಒಂದು ತುಂಡು ಬೆಲ್ಲ.

ಆಕೆ ಊರಿನಲ್ಲಿದ್ದುದು ಇಂಗ್ಲೆಂಡಿನ ವೀಸಾ ನಿರೀಕ್ಷೆಯಲ್ಲಿ! ಇಲ್ಲಿಯೇ ಏಕೆ ನಿಲ್ಲಬಾರದು ತಾಯಿ ಎಂದು ಕೇಳಿದೆವು. "ಮನಿ ಮನಿಗ್ ಹೋಪು ಹುದ್ದೆ ನಮ್ಗ್ ಇಲ್ಲೆ, ಸ್ವಾಮೀಜಿ" ಎಂದಳು.

ಆ ಮಾತಿನ ಬೆನ್ನುಹತ್ತಿ ವಿಚಾರಿಸಿದೆವು. ಉಡುಪಿ ಜಿಲ್ಲೆ ಶುಶ್ರೂಷಾ ಶಿಕ್ಷಣಕ್ಕೆ ಬಡವಲ್ಲ; ಮಣಿಪಾಲ ಕೂಗಳತೆಯಲ್ಲಿದೆ. ಎಂ.ಎಸ್‌ಸಿ. ಎರಡು ವರ್ಷದ ವ್ಯಾಸಂಗ. ಅದರಲ್ಲಿ ಮಕ್ಕಳ ಶುಶ್ರೂಷೆ ಒಂದು ವಿಭಾಗ, ಸಮುದಾಯ ಆರೋಗ್ಯ ಶುಶ್ರೂಷೆ ಮತ್ತೊಂದು; ಇವೆರಡೂ ಕೂಡಿದ ದಾರಿ ಕಾಣದು. ಮಕ್ಕಳ ವಿಭಾಗದವರ ಅಭ್ಯಾಸ ಬಹುಪಾಲು ಆಸ್ಪತ್ರೆಯ ವಾರ್ಡುಗಳಲ್ಲೇ ಕಳೆಯುತ್ತದೆ. ಓದು ಮುಗಿಸಿದವರು ಕಾಲೇಜಿನ ಅಧ್ಯಾಪಕರಾಗುತ್ತಾರೆ, ಇಲ್ಲವೇ ವಿಮಾನ ಹತ್ತುತ್ತಾರೆ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು 2011ರ ಯೋಜನೆಯಂತೆ ನವಜಾತ ಶಿಶುವನ್ನು 42 ದಿನಗಳವರೆಗೆ, 2018ರ ಯೋಜನೆಯಂತೆ ಹದಿನೈದು ತಿಂಗಳವರೆಗೆ ಮನೆಗೇ ಬಂದು ನೋಡುತ್ತಾರೆ. ಆ ತಾಯಂದಿರ ಸೇವೆಗೆ ನಮ್ಮ ನಮನವಿದೆ. ಆದರೆ ನಾಲ್ಕು ವರ್ಷದ, ನಿತ್ಯ ಸೂಜಿಯ ಕೂಸು ಯಾರ ಪಾಲಿಗೆ? ಸಮುದಾಯ ಆರೋಗ್ಯ ಅಧಿಕಾರಿಯ ಆರು ತಿಂಗಳ ತರಬೇತಿಯಲ್ಲಿ ಗರ್ಭಿಣಿಯಿಂದ ಮುದುಕರವರೆಗೆ ಎಲ್ಲರೂ ಇದ್ದಾರೆ. ಎಲ್ಲರೂ ಇರುವಲ್ಲಿ ಇಂಥ ಕೂಸಿಗೆ ಎಷ್ಟು ಗಳಿಗೆ ದೊರೆತೀತು?

ಇಂಗ್ಲೆಂಡಿನ ರಾದರ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1949ರಷ್ಟು ಹಿಂದೆಯೇ ಅಸ್ವಸ್ಥ ಮಕ್ಕಳ ಮನೆಗೆ ಹೋಗುವ ದಾದಿಯರ ಪಡೆ ಹುಟ್ಟಿತು. ಇಂದು ಅಲ್ಲಿ ನೋಂದಾಯಿತ ದಾದಿಯರು ಇದಕ್ಕಾಗಿಯೇ ಮೇಲುವ್ಯಾಸಂಗ ಮಾಡುತ್ತಾರೆ. ಅದರ ಮಾನದಂಡಗಳನ್ನು 2022ರಲ್ಲಿ ಹೊಸದಾಗಿ ಪ್ರಕಟಿಸಿದ್ದಾರೆ. ನಮ್ಮ ದೇಶಕ್ಕೂ ಈ ವಿಚಾರ ಹೊಸತಲ್ಲ. ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಯಲ್ಲೇ ಶಿಶುಗಳನ್ನು ಉಳಿಸಬಹುದೆಂದು 1999ರಲ್ಲಿ ಲೋಕಕ್ಕೆ ತೋರಿಸಿಕೊಟ್ಟರು.

ನಾವೂ ವಿಶ್ವವಿದ್ಯಾಲಯದಲ್ಲಿ ಓದಿದವರೇ. ಆದರೆ ಯಾವ ಮನೆಯಲ್ಲಿ ಯಾವ ಸಂಕಟವಿದೆಯೆಂದು ತಿಳಿದುದು ಬಾಲ್ಯದಲ್ಲಿ ಜೋಳಿಗೆ ಹಿಡಿದು ಕಂತಿಭಿಕ್ಷೆಗೆ ಹೋದಾಗ. ಮಠದಲ್ಲಿ ಬೆಳೆದ ಹಳೆಯ ವಿದ್ಯಾರ್ಥಿಗಳಿಗೆ ಈ ಮಾತನ್ನು ವಿಸ್ತರಿಸಬೇಕಾಗಿಲ್ಲ. ದಾದಿಯರ ಮೇಲುವ್ಯಾಸಂಗದಲ್ಲಿಯೂ ಅರ್ಧ ಕಾಲವಾದರೂ ಇಂಥ ಮನೆಗಳಲ್ಲಿ ಕಳೆಯಲಿ, ಮಳೆಗಾಲದಲ್ಲೇ ಕಳೆಯಲಿ. 2018ರಲ್ಲಿ ಹೊಸದಾಗಿ ರೂಪುಗೊಂಡ ಬೈಂದೂರು, ಬ್ರಹ್ಮಾವರ ತಾಲೂಕುಗಳಿಗೂ ಹಳೆಯ ಕುಂದಾಪುರಕ್ಕೂ ಒಬ್ಬೊಬ್ಬರಂತೆ ಮೂವರನ್ನು ನೇಮಿಸುವುದು ಸರ್ಕಾರಕ್ಕೆ ಹೊರೆಯಾಗಲಾರದು. ಹುದ್ದೆಯಿಲ್ಲದೆ ಶಿಕ್ಷಣವನ್ನಷ್ಟೇ ತೆರೆದರೆ ಇಂಗ್ಲೆಂಡಿಗೇ ಇನ್ನಷ್ಟು ದಾದಿಯರನ್ನು ಸಿದ್ಧಗೊಳಿಸಿದಂತಾದೀತು.

ಆ ಯುವತಿ ಅದೇ ಶ್ರಾವಣದಲ್ಲಿ ಹೊರಟುಹೋದಳು. ಕೂಸು ಈಗ ಶಾಲೆಗೆ ಹೋಗುತ್ತಿದೆ; ಬೆರಳನ್ನು ತಾನೇ ಮುಂದೆ ಚಾಚುತ್ತದೆಯಂತೆ. ಕಳೆದ ಮಳೆಗಾಲದಲ್ಲಿ ಹೊಳೆಯಾಚೆಯ ಊರಿನ ತಾಯಿಯೊಬ್ಬರು ತಮ್ಮ ಮಗನ ಔಷಧದ ಶೀಶೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಅದೇ ಸಂಕವನ್ನು ದಾಟಿ, ಮೇಷ್ಟ್ರ ಮನೆಯ ಮಡಕೆಯನ್ನು ನೋಡಲು ಬಂದಿದ್ದರೆಂದು ಶಿಕ್ಷಕರು ಪತ್ರ ಬರೆದಿದ್ದಾರೆ.