ಬಾವುಟಗುಡ್ಡೆಯ ಚಿತ್ರ, ಕಂಕನಾಡಿಯ ಹಾಸಿಗೆ

ಮಂಗಳೂರಿನ ಬಾವುಟಗುಡ್ಡೆಯಲ್ಲಿರುವ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೋಗುವವರು ಕುತ್ತಿಗೆ ನೋವಿಗೆ ಸಿದ್ಧರಾಗಿಯೇ ಹೋಗಬೇಕು. ಬಾಗಿಲು ದಾಟಿದ ಕೂಡಲೇ ತಲೆ ತಾನಾಗಿ ಮೇಲಕ್ಕೆ ಹೋಗುತ್ತದೆ, ಮತ್ತೆ ಕೆಳಗೆ ಬರಲು ಕೇಳುವುದಿಲ್ಲ. ಮಾಡು, ಗೋಡೆ, ಕಮಾನು, ಕಮಾನಿನ ಸಂದು, ಎಲ್ಲಿಯೂ ಅಂಗೈಯಗಲ ಜಾಗ ಖಾಲಿ ಬಿಟ್ಟಿಲ್ಲ. ಸಂತರು, ದೇವದೂತರು, ಹೂಮಾಲೆಗಳು, ಅರಮನೆಯ ದರಬಾರು, ಬೀದಿಯ ಬಡವರು. ಫೋನು ಕೈಗೆ ಬಂದದ್ದು ಕಂಡು ಕಾವಲಿನವರು ಹತ್ತಿರ ಬಂದರು. "ಫೋಟೊ ತೆಗೀಲಿಕ್ಕಿಲ್ಲ ಸರ್. ಕೂತ್ಕೊಳ್ಳಿ, ನೋಡಿ. ಅರ್ಜೆಂಟ್ ಎಂತ ಉಂಟು?" ಎಂದರು. ಅವರ ಮಾತಿನಂತೆ ಬೆಂಚಿನಲ್ಲಿ ಕೂತೆ. ಹೊರಗೆ ಸೆಪ್ಟೆಂಬರಿನ ಮಳೆ ಬಂದು, ನಿಂತು, ಮತ್ತೆ ಬಂತು.

ಇದೆಲ್ಲ ಆಂತೋನಿಯೊ ಮೊಸ್ಕೇನಿ ಎಂಬ ಒಬ್ಬ ಮನುಷ್ಯ ಬಿಡಿಸಿದ್ದು. ಇಟಲಿಯ ಬೆರ್ಗಾಮೊ ಪಕ್ಕದ ಸ್ತೆತ್ಸಾನೊ ಎಂಬ ಹಳ್ಳಿಯವ, ಹುಟ್ಟಿದ್ದು 1854ರಲ್ಲಿ. ಚಿತ್ರಕಲೆಯನ್ನು ಶಾಸ್ತ್ರೋಕ್ತವಾಗಿ ಕಲಿತು ತನ್ನ ಊರಿನ ಸುತ್ತಮುತ್ತ ಹೆಸರು ಮಾಡುತ್ತಿದ್ದವ, ಮೂವತ್ತೈದರ ಹೊತ್ತಿಗೆ ಎಲ್ಲ ಬಿಟ್ಟು ಜೆಸ್ವಿಟ್ ಸನ್ಯಾಸಿಗಳ ಯೇಸುಸಭೆ ಸೇರಿದ. ಅದೂ ಗುರುವಾಗಿ ಅಲ್ಲ, ಬ್ರದರ್ ಆಗಿ. ಬ್ರದರ್ ಎಂದರೆ ಪೂಜೆ ಅರ್ಪಿಸುವ ಅಧಿಕಾರವಿಲ್ಲದ, ಸಭೆ ಹೇಳಿದ ಕೆಲಸ ಮಾಡಿಕೊಂಡಿರುವ ಸನ್ಯಾಸಿ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳಲ್ಲಿ ಕಲಾವಿದನಿಗೆ ಕಷ್ಟದ್ದು ಮೂರನೆಯದೇ ಇರಬೇಕು ಎಂದು ನನ್ನ ಗುಮಾನಿ. ಯಾವ ಊರಲ್ಲಿ, ಯಾವ ಗೋಡೆಯ ಮೇಲೆ, ಏನನ್ನು ಬಿಡಿಸಬೇಕು ಎಂಬುದು ಅವನ ಇಷ್ಟಕ್ಕೆ ಬಿಟ್ಟದ್ದಲ್ಲ. ಹೋಗು ಎಂದರು, ಮಂಗಳೂರಿಗೆ ಬಂದ. 1899ರಿಂದ ಎರಡು ವರ್ಷದ ಆಸುಪಾಸು ಈ ಮಾಡಿನ ಕೆಳಗೆ ಕುತ್ತಿಗೆ ಎತ್ತಿಕೊಂಡೇ ಬದುಕಿದ. ಕರಾವಳಿಯ ಸೆಖೆಯಲ್ಲಿ, ಹಸಿ ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು. ಭಿತ್ತಿಚಿತ್ರದ ಕೆಲಸವೇ ಹಾಗೆ. ಮಾಡಿನ ಚಿತ್ರಗಳು ಮಾತ್ರ ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿವೆ. ಇಲ್ಲಿಯ ಕೆಲಸ ಮುಗಿದ ಮೇಲೆ ಅವನನ್ನು ಬೇರೆ ಊರುಗಳಿಗೆ ಕಳಿಸಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಐವತ್ತೊಂದು ವರ್ಷ.

ಗೋಡೆಯ ಹತ್ತಿರ ಹೋಗಿ ನೋಡಿದರೆ ಅವನ ಚೇಷ್ಟೆ ಗೊತ್ತಾಗುತ್ತದೆ. ಉಬ್ಬುಗೆತ್ತನೆಯ ಕಂಬ ಎಂದು ದೂರದಿಂದ ಅಂದುಕೊಂಡದ್ದು ಕಂಬವೇ ಅಲ್ಲ, ಸಪಾಟು ಗೋಡೆ. ನೆರಳಿನ ಗೆರೆಯನ್ನು ಬೇಕಾದಲ್ಲಿ ಬೇಕಾದಷ್ಟೇ ಎಳೆದು ಕಲ್ಲನ್ನು ಉಬ್ಬಿಸಿಬಿಟ್ಟಿದ್ದಾನೆ. ನನ್ನ ಮುಂದೆ ನಿಂತಿದ್ದ ಒಬ್ಬ ಹುಡುಗ ಮುಟ್ಟಿ ನೋಡಲು ಕೈ ಚಾಚಿ, ತಾಯಿಯ ಕಣ್ಣು ಬಿದ್ದದ್ದೇ ಹಿಂದೆಗೆದ. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ಇಷ್ಟೆಲ್ಲ ಬಣ್ಣದ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ ಚಿತ್ರ ಮಾತ್ರ ಸುಖದ್ದಲ್ಲ. ಅಲೋಶಿಯಸ್ ಗೊನ್ಸಾಗ ಪ್ಲೇಗ್ ರೋಗಿಗಳ ಆರೈಕೆಯಲ್ಲಿರುವುದು. ಈ ಅಲೋಶಿಯಸ್ ಉತ್ತರ ಇಟಲಿಯ ಕಾಸ್ತಿಲ್ಯೋನೆ ಸಂಸ್ಥಾನದ ಹಿರಿಯ ಮಗ, ಪಟ್ಟಕ್ಕೆ ಹಕ್ಕುದಾರ. ಹದಿಹರೆಯದಲ್ಲೇ ಪಟ್ಟವನ್ನು ತಮ್ಮನಿಗೆ ಬರೆದುಕೊಟ್ಟು ಯೇಸುಸಭೆ ಸೇರಿದ. 1591ರಲ್ಲಿ ರೋಮಿನಲ್ಲಿ ಪ್ಲೇಗ್ ಬಂದಾಗ ಬೀದಿಯಲ್ಲಿ ಬಿದ್ದವರನ್ನು ಹೊತ್ತು ಆಸ್ಪತ್ರೆಗೆ ತಂದು, ಮೈ ತೊಳೆದು, ಕೊನೆಗೆ ತಾನೂ ಜ್ವರ ಹತ್ತಿ ಸತ್ತ. ಇಪ್ಪತ್ಮೂರು ವರ್ಷ. ರಾಜಕುಮಾರ ರೋಗಿಯನ್ನು ಎತ್ತಿಕೊಳ್ಳುವ ಚಿತ್ರ ಯಾವ ಧರ್ಮದ ಗೋಡೆಯ ಮೇಲಿದ್ದರೂ ಚೆನ್ನಾಗಿಯೇ ಕಾಣುತ್ತದೆ. ನೋಡಿದವರು ಕೈಮುಗಿದು ಮನೆಗೆ ಹೋಗುತ್ತಾರೆ. ನಾನೂ ಹಾಗೇ ಹೋಗುವವನಿದ್ದೆ. ಆದರೆ ಮೊಸ್ಕೇನಿ ಇದನ್ನು ಬಿಡಿಸುತ್ತಿದ್ದ ಹೊತ್ತಿಗೆ ಅವನದೇ ಸಭೆಯ ಇನ್ನೊಬ್ಬ, ಈ ಗುಡ್ಡೆಯಿಂದ ಎರಡು ಕಿಲೋಮೀಟರ್ ಆಚೆ, ಚಿತ್ರದಲ್ಲಿದ್ದಂಥದ್ದೇ ಕೆಲಸ ಮಾಡುತ್ತಿದ್ದ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. ಹೊರಗೆ ಬಂದು ರಿಕ್ಷಾ ಹಿಡಿದೆ.

"ಕಂಕನಾಡಿ? ಮುಲ್ಲರ್ಸಿಗಾ? ಯಾರಿಗೆ ಹುಷಾರಿಲ್ಲ ಮಾರಾಯ್ರೆ?" ಎಂದು ರಿಕ್ಷಾದವರು ಕೇಳಿದರು. ಯಾರಿಗೂ ಏನಿಲ್ಲ, ಸುಮ್ಮನೆ ನೋಡಲಿಕ್ಕೆ ಎಂದೆ. ಕನ್ನಡಿಯಲ್ಲಿ ನನ್ನನ್ನೊಮ್ಮೆ ಪೂರ್ತಿ ನೋಡಿದರು. ಆಸ್ಪತ್ರೆಯನ್ನು ಸುಮ್ಮನೆ ನೋಡಲು ಹೋಗುವವರು ಅವರ ರಿಕ್ಷಾದಲ್ಲಿ ಹೆಚ್ಚು ಕೂತಿರಲಿಕ್ಕಿಲ್ಲ.

ದಾರಿ ಬಲ್ಮಠದ ಮೇಲೆ ಹಾದುಹೋಗುತ್ತದೆ. ಅಲ್ಲಿಯದು ಬೇರೆಯೇ ಕಥೆ. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟರು ಇಲ್ಲಿ ಅಚ್ಚುಕೂಟ ಹಾಕಿದರು, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು, ಕನ್ನಡ ನಿಘಂಟಿನ ಕಿಟ್ಟೆಲ್ ಎಂಬ ಮಹಾನುಭಾವನನ್ನು ಕೊಟ್ಟರು. ಮತಾಂತರವಾಗಿ ಜಾತಿಯನ್ನೂ ಕಸುಬನ್ನೂ ಕಳಕೊಂಡವರಿಗೆ ಹೊಟ್ಟೆಪಾಡು ಬೇಕಲ್ಲ ಎಂದು ನೇಯ್ಗೆ ಶುರುಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಲೆನಾಡಿನ ನನ್ನ ಅಜ್ಜನ ಮನೆಯ ಮಾಡಿಗೆ ಬಂದದ್ದೂ ಮಂಗಳೂರು ಹೆಂಚೇ. ಅದನ್ನು ಬರೆಯಹೊರಟರೆ ಇನ್ನೊಂದು ಲೇಖನವಾಗುತ್ತದೆ. ರಿಕ್ಷಾ ಆಗಲೇ ಇಳಿಜಾರು ಇಳಿದಿತ್ತು.

ಫಾದರ್ ಮುಲ್ಲರ್ ಆಸ್ಪತ್ರೆಯ ಆವರಣಕ್ಕೆ ಈಗ ಹೊಸದಾಗಿ ಬಂದವರಿಗೆ ದಾರಿ ತಪ್ಪುತ್ತದೆ. ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜು, ಬ್ಲಾಕಿನ ಮೇಲೆ ಬ್ಲಾಕು, ಚೀಟಿ ಹಿಡಿದ ಜನ, ಫ್ಲಾಸ್ಕ್ ಹಿಡಿದ ಜನ. ಇದೆಲ್ಲ ಶುರುವಾದದ್ದು ಒಂದು ಆಲದ ಮರದ ಕೆಳಗೆ ಎಂದು ಹೇಳಿದರೆ ಸರದಿಯಲ್ಲಿ ನಿಂತವರಿಗೆ ನಂಬಲು ಪುರುಸೊತ್ತಿಲ್ಲ. ಆಗಸ್ಟಸ್ ಮುಲ್ಲರ್ ಜರ್ಮನಿಯವರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಮೊದಲ ತಂಡದಲ್ಲಿದ್ದರು. ಕಳಿಸಿದ್ದು ಪಾಠ ಹೇಳಲಿಕ್ಕೆ. ಪೆಟ್ಟಿಗೆಯಲ್ಲಿ ಹೋಮಿಯೋಪತಿ ಔಷಧ ಇತ್ತು, ಹೊರಗೆ ರೋಗ ಇತ್ತು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧ ಹಂಚಲು ಕೂತವರು ಮತ್ತೆ ಏಳಲಿಲ್ಲ ಎನ್ನಬಹುದು. ಔಷಧದ ಸುದ್ದಿ ಹಬ್ಬಿ, ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ಸೀಸೆಗಳು ಹೋಗತೊಡಗಿದವು. ಹೊರಗಿನಿಂದ ಬಂದ ಆ ಹಣ ಇಲ್ಲಿಯ ಬಡರೋಗಿಗಳ ಹಾಸಿಗೆಯಾಯಿತು. ಸಕ್ಕರೆ ಗುಳಿಗೆಗಳ ಮೇಲೆ ವಿಜ್ಞಾನಕ್ಕಿರುವ ತಕರಾರು ನನಗೂ ಗೊತ್ತು, ಆ ತಕರಾರಿನ ಪಕ್ಷದವನೇ ನಾನು. ಆದರೂ ಗುಳಿಗೆ ಮಾರಿ ಬಂದ ದುಡ್ಡಿನಲ್ಲಿ ಕುಷ್ಠರೋಗಿಗಳಿಗೆ ಸೂರು ಕಟ್ಟಿದವರ ಮೇಲೆ ಯಾವ ತಕರಾರೂ ಇಲ್ಲ.

ಆ ಸೂರು ಎದ್ದದ್ದು 1890ರಲ್ಲಿ. ಹವಾಯಿಯ ಮೊಲೊಕೈ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ ಹದಿನಾರು ವರ್ಷ ಇದ್ದು, ಅದೇ ರೋಗ ಹತ್ತಿ ಬೆಲ್ಜಿಯಮ್ಮಿನ ಫಾದರ್ ಡೇಮಿಯನ್ ಸತ್ತು ಒಂದೇ ವರ್ಷವಾಗಿತ್ತು. ಹಾಗಾಗಿ ಈ ಕೆಲಸದ ಬೆಲೆ ಏನೆಂದು ಎಲ್ಲ ಪಾದ್ರಿಗಳಿಗೂ ಗೊತ್ತಿದ್ದ ಕಾಲ ಅದು. ಕುಷ್ಠಕ್ಕೆ ಖಾತ್ರಿಯ ಔಷಧ ಇರಲಿಲ್ಲ. ಊರು ಹೊರಗೆ ಹಾಕುತ್ತಿತ್ತು, ಮನೆಯವರು ಹಟ್ಟಿಯ ಮೂಲೆಗೆ ಹಾಕುತ್ತಿದ್ದರು. ಗುಣಪಡಿಸುವ ಆಸೆಯೇ ಇಲ್ಲದ ಕಡೆ ಉಳಿಯುವುದು ಹುಣ್ಣು ತೊಳೆಯುವುದು, ಬಟ್ಟೆ ಬದಲಿಸುವುದು, ಊಟ ಕೊಡುವುದು, ಸತ್ತರೆ ಮಣ್ಣು ಮಾಡುವುದು. ದಿನವೂ ಅದೇ. ಈಗಿನವರು ಇದನ್ನು ಸಾಧನೆ ಎಂದು ಲೆಕ್ಕ ಹಾಕುವುದೂ ಅನುಮಾನ. 1980ರ ದಶಕದಿಂದ ಬಂದ ಬಹುಔಷಧ ಚಿಕಿತ್ಸೆಯಿಂದ ಇವತ್ತು ಕುಷ್ಠ ಪೂರ್ತಿ ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಪುಕ್ಕಟೆ. ಗುಣವಾದವರನ್ನು ಒಳಗೆ ಕರೆಯಲು ಮಾತ್ರ ನಮ್ಮ ಹೊಸ್ತಿಲುಗಳು ಈಗಲೂ ಹಿಂದೆಮುಂದೆ ನೋಡುತ್ತವೆ.

ಮೊಸ್ಕೇನಿಯ ಬಣ್ಣ ಒಣಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮುಂಬಯಿಯಿಂದ ಹೊರಟ ಪ್ಲೇಗು ಊರಿಂದೂರಿಗೆ ಇಳಿಯುತ್ತಿತ್ತು. 1902ರಲ್ಲಿ ಮುಲ್ಲರ್ ಕಂಕನಾಡಿಯಲ್ಲಿ ಪ್ಲೇಗಿನ ಆಸ್ಪತ್ರೆ ತೆರೆದರು. ಈ ಇಸವಿಯನ್ನು ನೆನೆದಾಗ ಮೈ ಜುಮ್ಮೆಂದಿತು. ಗುಡ್ಡೆಯ ಮೇಲೆ ಗೋಡೆಯಲ್ಲಿ ಪ್ಲೇಗ್ ರೋಗಿಯನ್ನು ಎತ್ತಿಕೊಂಡ ಸಂತ; ಕೆಳಗೆ ಕಂಕನಾಡಿಯಲ್ಲಿ, ಜ್ವರ ಕಾಯುತ್ತಿದ್ದ ಮಂಗಳೂರಿನವರ ಪಕ್ಕದಲ್ಲಿ ಅರವತ್ತು ದಾಟಿದ ಜರ್ಮನ್ ಪಾದ್ರಿ. ಯಾರು ಯಾರಿಂದ ಕಲಿತರು ಎಂದು ಕೇಳುವ ಅಗತ್ಯವಿಲ್ಲ. ಇಬ್ಬರೂ ಒಂದೇ ಪಾಠದವರು. ಮುಲ್ಲರ್ 1910ರ ನವೆಂಬರ್ 1ರಂದು ತೀರಿಕೊಂಡರು. ಕ್ಯಾಥೊಲಿಕರಿಗೆ ಅದು ಸಕಲ ಸಂತರ ಹಬ್ಬದ ದಿನ.

ಹೊರಗೆ ಬರುವಾಗ ಬಿಲ್ಲಿನ ಕೌಂಟರಿನ ಎದುರು ಒಬ್ಬರು ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಿದ್ದರು. ಆಲದ ಮರದ ಕೆಳಗಿನ ಔಷಧಕ್ಕೂ ಇಂದಿನ ಯಂತ್ರಗಳ ಆಸ್ಪತ್ರೆಗೂ ಖರ್ಚು ಒಂದೇ ಆಗಿರಲು ಸಾಧ್ಯವಿಲ್ಲ, ಒಪ್ಪುತ್ತೇನೆ. ಸೇವೆಯ ಹೆಸರಿನಲ್ಲಿ ಹುಟ್ಟಿದ ಆಸ್ಪತ್ರೆಗಳು, ಶಾಲೆಗಳು, ಮಠದ್ದಿರಲಿ ಚರ್ಚಿನದ್ದಿರಲಿ, ಎಲ್ಲವೂ ಬೆಳೆದ ಮೇಲೆ ಈ ಕೌಂಟರಿನ ಎದುರೇ ಪರೀಕ್ಷೆಗೆ ನಿಲ್ಲುತ್ತವೆ.

ಸಂಜೆ ಕುಲಶೇಖರದ ಗೆಳೆಯನ ಮನೆಗೆ ಹೋದೆ. ಮೊಂತಿ ಫೆಸ್ತಿನ ಮುನ್ನಾದಿನಗಳು. ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ. ಮಂಗಳೂರು ಕಡೆಯ ಕ್ಯಾಥೊಲಿಕರಿಗೆ ಅದೇ ತೆನೆಹಬ್ಬ. ನೇತ್ರಾವತಿ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಗೋವೆಯ ಪಾದ್ರಿ ಜೊವಾಕಿಂ ಮಿರಾಂದ ಇದನ್ನು ಆರಂಭಿಸಿದರು ಎನ್ನುತ್ತಾರೆ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು, ಹಾಡುತ್ತ, ಬಾಲೆ ಮರಿಯಳ ಮೂರ್ತಿಗೆ ಎರಚುತ್ತಾರೆ. ಗೆಳೆಯನ ಮಗಳ ಬುಟ್ಟಿಯಲ್ಲಿ ದಾಸವಾಳ, ಗೊಂಡೆ, ಯಾವುದೋ ಬೇಲಿಯ ಕಾಡುಹೂ. "ಅರ್ಧ ಭಟ್ರ ಮನೆಯದ್ದು" ಎಂದು ಗುಟ್ಟು ಬಿಟ್ಟುಕೊಟ್ಟಳು. ಭಟ್ಟರ ಮನೆಯವರೇ ಕೊಯ್ದುಕೊಟ್ಟದ್ದಂತೆ.

ಹಬ್ಬದ ಬೆಳಿಗ್ಗೆ ಪೂಜೆಗೆ ಮೊದಲು ಹೊಸ ತೆನೆಯ ಕಟ್ಟುಗಳನ್ನು ಪಾದ್ರಿಗಳು ಆಶೀರ್ವದಿಸಿದರು. ಬಳಿಕ ಮನೆಗೊಂದರಂತೆ ತೆನೆ, ಮಕ್ಕಳಿಗೆ ಕಬ್ಬು. ಈ ಹಂಚುವ ಕೆಲಸದಲ್ಲಿ ನನಗೆ ಇಗರ್ಜಿಯ ಒಳಗಿನ ಕಟ್ಟೋಣ ಕಂಡಿತು. ಇಗರ್ಜಿಯ ಇಡೀ ವ್ಯಾಪ್ತಿಯನ್ನು ವಾಡೊಗಳಾಗಿ ವಿಂಗಡಿಸಿರುತ್ತಾರೆ. ಒಂದೊಂದಕ್ಕೂ ಒಬ್ಬ ಗುರ್ಕಾರ. ಯಾವ ಮನೆಯಲ್ಲಿ ಮುದುಕಿ ಒಬ್ಬಳೇ ಇದ್ದಾಳೆ, ಯಾರ ಮಗ ಗಲ್ಫಿನಿಂದ ಕೆಲಸ ಕಳಕೊಂಡು ಬಂದ, ಯಾರಿಗೆ ಡಯಾಲಿಸಿಸ್, ಎಲ್ಲ ಅವನ ಬಾಯಲ್ಲಿ. ಸಾಂ ವಿಶೆಂತ್ ಪಾವ್ಲ್ ಸಭೆಯವರು ಅಂಥ ಮನೆಗಳಿಗೆ ಅಕ್ಕಿ, ಔಷಧ, ಮಕ್ಕಳ ಫೀಸು ಮುಟ್ಟಿಸುತ್ತಾರೆ, ಯಾರಿಗೆಂದು ಹೊರಗೆ ಹೇಳುವುದಿಲ್ಲ. 1833ರಲ್ಲಿ ಪ್ಯಾರಿಸಿನ ಕಾಲೇಜು ಹುಡುಗರು ಕಟ್ಟಿಕೊಂಡ ಸಭೆ ಅದು, ಈಗ ಕುಲಶೇಖರದಲ್ಲಿ ತುಳು ಮತ್ತು ಕೊಂಕಣಿಯಲ್ಲಿ ನಡೆಯುತ್ತಿದೆ. ವಾಡೊದಲ್ಲಿ ಸಾವಾದರೆ ಪೆಟ್ಟಿಗೆ, ಗುಂಡಿ, ಊರಿನವರಿಗೆ ಚಹಾ ಎಂದು ಸತ್ತವರ ಮನೆಯವರು ಓಡಾಡಬೇಕಾಗಿಲ್ಲ. ಇದರಲ್ಲಿ ಚಾಡಿಯೂ ಉಂಟು, ಯಾರು ಪೂಜೆಗೆ ಬರಲಿಲ್ಲ ಎಂಬ ಲೆಕ್ಕವೂ ಉಂಟು, ಗೆಳೆಯ ಅದನ್ನು ಮುಚ್ಚಿಡಲಿಲ್ಲ. "ಎಲ್ಲರ ಕಣ್ಣು ಎಲ್ಲರ ಮೇಲೆ ಮಾರಾಯ. ಒಮ್ಮೊಮ್ಮೆ ಉಸಿರು ಕಟ್ತದೆ. ಅಪ್ಪ ಬಿದ್ದಾಗ ಮಾತ್ರ ರಾತ್ರಿ ಎರಡು ಗಂಟೆಗೆ ನಾಲ್ಕು ಜನ ಅಂಗಳದಲ್ಲಿದ್ರು" ಎಂದ.

ಮನೆಯಲ್ಲಿ ಗೆಳೆಯನ ತಾಯಿ ತೆನೆಯ ಭತ್ತವನ್ನು ಉಗುರಿನಿಂದ ಸುಲಿದರು. ಏಳು, ಎಂಟು, ಒಂಬತ್ತು ಕಾಳು. ಅರೆದು ಹಾಲಿಗೆ ಹಾಕಿ, ಎಲ್ಲರೂ ಪ್ರಾರ್ಥನೆ ಮಾಡಿದ ಮೇಲೆ, ದೊಡ್ಡವರಿಂದ ಚಿಕ್ಕವರವರೆಗೆ ಚಮಚದಲ್ಲಿ ಕೊಟ್ಟರು. ನನಗೂ ಕೊಟ್ಟರು. ದುಬೈಯಲ್ಲಿರುವ ಮಗನಿಗೆ ಎರಡು ಕಾಳು ಕಾಗದದಲ್ಲಿ ಸುತ್ತಿ ಆಗಲೇ ಅಂಚೆಗೆ ಹಾಕಿ ಆಗಿತ್ತು. ಊಟಕ್ಕೆ ಎಲೆ. ಮೀನು, ಮಾಂಸ ಏನೂ ಇಲ್ಲ. ಅಮಟೆಕಾಯಿ ಹಾಕಿದ ಹರಿವೆ ದಂಟು, ತೊಂಡೆಕಾಯಿ ಗೇರುಬೀಜ, ಕೆಸು, ಬೆಂಡೆ, ಹೀರೆ. ಪದಾರ್ಥಗಳ ಸಂಖ್ಯೆ ಬೆಸವೇ ಇರಬೇಕು. ರಾತ್ರಿ ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ಮನೆಯ ಚಿಕ್ಕವರೆಲ್ಲ ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳಿದರು. ನಲವತ್ತೈದು ವರ್ಷದ ನನ್ನ ಗೆಳೆಯನೂ ತಾಯಿಯ ಮುಂದೆ ತಲೆ ಬಾಗಿಸಿ ನಿಂತ.

ಮಂಗಳೂರಿಗೆ ಹೋದವರು ಚಾಪೆಲ್ ನೋಡಿಯೇ ಬರುತ್ತಾರೆ, ನೋಡಲೇಬೇಕು. ಆದರೆ ಅಲ್ಲಿಂದ ಕಂಕನಾಡಿಗೆ ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ ಅಷ್ಟೆ. ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ರಕ್ತನಿಧಿ ಇದೆ. ಆರೋಗ್ಯ ಚೆನ್ನಾಗಿದ್ದರೆ ಒಂದು ಬಾಟಲಿ ಕೊಟ್ಟು ಬನ್ನಿ.