ಹಳೇ ಅಕ್ಕಿ, ಹೊಸ ಕೊತ್ತಂಬರಿ ಮತ್ತು ಏಲ್

ನಮ್ಮೂರಲ್ಲಿ ಕುಡಿಯೋರು ಮೂಗು ಮುಚ್ಕೊಂಡು ಕುಡೀತಿದ್ರು. 2007ರಲ್ಲಿ ಸಾರಾಯಿ ನಿಷೇಧ ಆಗೋವರೆಗೂ ಪ್ಯಾಕೆಟ್ಟಿನ ಮೂಲೆ ಕಚ್ಚಿ, ಗಂಟಲಿಗೆ ಸುರ್ಕೊಂಡು, ಉಪ್ಪಿನಕಾಯಿ ನೆಕ್ಕಿದ್ರೆ ಮುಗೀತು. ಅಂಥ ಊರಿಂದ ಬಂದ ನಾನು ಗ್ಲಾಸಿಗೆ ಮೊದಲು ಮೂಗು ಇಡೋದು ನೋಡಿ ಜತೆಯವರು ನಗ್ತಾರೆ. ನಗಲಿ ಬಿಡಿ. ಸ್ಟ್ರಾಂಗ್ ಏಲ್‌ನ ಅರ್ಧ ಸುಖ ಇರೋದೇ ವಾಸನೆಯಲ್ಲಿ.

ಬಿಯರ್ ಅಂದಮೇಲೆ ಫ್ರೆಶ್ ಆಗಿರ್ಬೇಕು ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ಸತ್ಯ. ಅಡುಗೆಮನೆಯನ್ನೇ ನೋಡಿ: ಕೊತ್ತಂಬರಿ ಸೊಪ್ಪು ಇವತ್ತಿಂದೇ ಆಗ್ಬೇಕು, ಅಕ್ಕಿ ಮಾತ್ರ ಹಳೇದಾದಷ್ಟೂ ಅನ್ನ ಉದುರುದುರು. ಏಲ್‌ಗಳಲ್ಲೂ ಇವೆರಡು ಜಾತಿ ಇವೆ.

ಡಬಲ್ ಐಪಿಎ ಕೊತ್ತಂಬರಿ ಜಾತಿ. ಅದರ ಕಿತ್ತಳೆ, ಮಾವಿನಂಥ ಪರಿಮಳ ಹಾಪ್ಸ್ ಹೂವಿನದು, ತಿಂಗಳುಗಳಲ್ಲಿ ಹಾರಿಹೋಗುತ್ತೆ. ಕ್ಯಾಲಿಫೋರ್ನಿಯಾದ ಸ್ಟೋನ್ ಬ್ರೂವಿಂಗ್‌ನವರು 2012ರಲ್ಲಿ ‘ಎಂಜಾಯ್ ಬೈ’ ಅಂತ ಒಂದು ಐಪಿಎ ತಂದರು. ಯಾವ ತಾರೀಕಿನೊಳಗೆ ಕುಡೀಬೇಕು ಅನ್ನೋದು ಅದರ ಹೆಸರಲ್ಲೇ ಇತ್ತು!

ಬಾರ್ಲಿ ವೈನ್, ಬೆಲ್ಜಿಯಂನ ಕಪ್ಪು ಏಲ್‌ಗಳು ಅಕ್ಕಿ ಜಾತಿ. ಶೇ. 9ರ ಶಿಮೇ ಬ್ಲೂ ಬಾಟಲಿ ಮೇಲೆ ತಯಾರಾದ ವರ್ಷ ಹಾಕಿರ್ತಾರೆ. ತಂಪಾದ ಕತ್ತಲಲ್ಲಿ ವರ್ಷಗಟ್ಟಲೆ ಇಟ್ಟರೆ ಖಾರ ಇಳಿದು, ಒಣದ್ರಾಕ್ಷಿ, ಬೆಲ್ಲದ ಪಾಕದ ಕಡೆ ತಿರುಗುತ್ತೆ.

ಹಾಗಂತ ಹಳೇದೆಲ್ಲಾ ಹಣ್ಣಾಗಲ್ಲ, ಕೆಲವು ಕೊಳೆಯುತ್ತೆ. ನೆನೆದ ರಟ್ಟಿನ ವಾಸನೆ ಬಂತಾ? ಆಮ್ಲಜನಕ ಕೆಲಸ ಮಾಡಿದೆ. ಸುಟ್ಟ ರಬ್ಬರಿನಂಥ ನಾತವಾ? ಬೆಳಕು ತಾಗಿ ಹಾಪ್ಸ್ ಕೆಟ್ಟಿದೆ. ಕಂದು ಗಾಜು ಈ ಬೆಳಕನ್ನ ಬಹುಪಾಲು ತಡೆಯುತ್ತೆ. ಹಸಿರು, ಬಿಳಿ ಗಾಜು ತಡೆಯಲ್ಲ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಆಮದು ಬಾಟಲಿಗಳನ್ನ ಬಿಸಿಲು ಬೀಳೋ ಕಿಟಕಿಯಲ್ಲೇ ಸಾಲಾಗಿ ಜೋಡಿಸಿದ್ರು. ಕೇಳಿದ್ದಕ್ಕೆ, ‘ಎಕ್ಸ್‌ಪೈರಿ ಇನ್ನೂ ಇದೆಯಲ್ಲ ಸಾರ್’ ಅಂದ್ರು. ಒಂದು ಬಾಟಲಿ ಬೆಲೆ ನಮ್ಮೂರಲ್ಲಿ ಒಬ್ಬ ಆಳಿನ ದಿನಗೂಲಿ. ಹೊಟ್ಟೆ ಉರಿಯದೆ ಇರುತ್ತಾ?

ಅದಕ್ಕೇ ಎಕ್ಸ್‌ಪೈರಿ ಬದಲು ತುಂಬಿದ ತಾರೀಕು ಹುಡುಕಿ. ಐಪಿಎ ಆದ್ರೆ ಮೂರು ತಿಂಗಳೊಳಗಿಂದು, ಅದೂ ಫ್ರಿಜ್ಜಿನಲ್ಲಿಟ್ಟಿದ್ದು ತಗೊಳ್ಳಿ. ಕಪ್ಪು ಏಲ್ ಆದ್ರೆ ಎರಡು ತಗೊಂಡು ಒಂದನ್ನ ಬೀರುವಿನ ಕತ್ತಲಲ್ಲಿ ಮರೆತುಬಿಡಿ. ಇನ್ನೊಂದನ್ನ ಒಬ್ಬರೇ ಖಾಲಿ ಮಾಡ್ಬೇಡಿ. ಶೇ. 9ರ 330 ಮಿಲಿ ಅಂದ್ರೆ ಹೆಚ್ಚುಕಮ್ಮಿ ಎರಡು ಮಾಮೂಲಿ ಬಿಯರ್ ಲೆಕ್ಕ. ಗೆಳೆಯನನ್ನ ಕರೀರಿ, ಎರಡು ಗ್ಲಾಸಿಗೆ ಹಂಚಿ, ಒಂದು ಗಂಟೆ ಕೂತು ಮಾತಾಡಿ.