ಮನೆಯೊಳಗಿನ ಮೂರು ಕಲ್ಲು

ಕಲ್ಲುಗಳು ಹುಟ್ಟಿದ ಬಗೆ ನೋಡಿ ಭೂವಿಜ್ಞಾನ ಅವುಗಳನ್ನು ಮೂರು ಜಾತಿ ಮಾಡುತ್ತದೆ. ನೆಲದಾಳದ ಶಿಲಾಪಾಕ ತಣಿದು ಗಟ್ಟಿಯಾದರೆ ಅಗ್ನಿಶಿಲೆ. ಮರಳು, ಕೆಸರು, ಸುಣ್ಣ ನೀರಿನ ತಳದಲ್ಲಿ ಪದರ ಪದರವಾಗಿ ಕೂತು ಬಿಗಿದುಕೊಂಡರೆ ಪದರು ಶಿಲೆ. ಇವೆರಡರಲ್ಲಿ ಯಾವುದಾದರೂ ಆಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ, ಕರಗದೆಯೇ ಮೈ ಬದಲಿಸಿಕೊಂಡರೆ ರೂಪಾಂತರ ಶಿಲೆ. ಶಾಲೆಯ ಪುಸ್ತಕ ಇಷ್ಟನ್ನು ಹೇಳಿ ಪುಟ ತಿರುಗಿಸುತ್ತದೆ, ಮಕ್ಕಳು ಪರೀಕ್ಷೆ ಮುಗಿದ ಸಂಜೆ ಮರೆಯುತ್ತಾರೆ. ಆದರೆ ಹಳೆಯ ಮನೆಗಳಲ್ಲಿ ಈ ಮೂರೂ ಕಾಲಿಗೆ ಕೈಗೆ ತಾಗುವಂತೆ ಇದ್ದವು. ಈ ಬರಹಗಾರ ಬೆಳೆದ ದಾವಣಗೆರೆ ಕಡೆಯ ಮನೆಯೂ ಅಂಥದ್ದೇ: ಹಿತ್ತಿಲ ಬಾಗಿಲ ಬಳಿ ಒಳಕಲ್ಲು, ಪಡಸಾಲೆಗೆ ಶಹಾಬಾದ್ ಕಲ್ಲಿನ ನೆಲ, ಅಡುಗೆಮನೆಯ ಮೂಲೆಯಲ್ಲಿ ಅಜ್ಜಿಯ ಜೊತೆ ಮಲೆನಾಡಿನಿಂದ ಬಂದ ಕಲ್ಲುಮರಿಗೆ.

ಒಳಕಲ್ಲು ಗ್ರಾನೈಟಿನದು, ಅಗ್ನಿಶಿಲೆ. ಶಿಲಾಪಾಕ ನೆಲದ ಮೇಲೆ ಉಕ್ಕಿದರೆ ಬೇಗ ಆರುತ್ತದೆ, ಹರಳು ಬೆಳೆಯಲು ಪುರುಸೊತ್ತು ಸಿಗುವುದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ವಿಜಯಪುರ ಸೀಮೆಯ ಕಪ್ಪು ಬಸಾಲ್ಟ್ ಹೀಗೆ ಹುಟ್ಟಿದ್ದು. ಅದರ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಗೋಲ ಗುಮ್ಮಟದ ಗೋಡೆಗಳು ಆ ಕಲ್ಲಿನವೇ. ಶಿಲಾಪಾಕ ಮೇಲೆ ಉಕ್ಕದೆ ಕಿಲೋಮೀಟರುಗಟ್ಟಲೆ ಆಳದಲ್ಲಿ ಉಳಿದು ಲಕ್ಷಾಂತರ ವರ್ಷ ನಿಧಾನವಾಗಿ ತಣಿದರೆ, ಕಲ್ಲುಸಕ್ಕರೆ ಕಟ್ಟಿದ ಹಾಗೆ ಹರಳುಗಳು ದಪ್ಪಗೆ ಬೆಳೆಯುತ್ತವೆ. ರಾಮನಗರದ ಬೆಟ್ಟಗಳದು ಈ ಬಗೆಯ ಗ್ರಾನೈಟ್. ಊರಿನ ಹಿಂದಿನ ಹೆಸರಿನಿಂದ ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಚಾಚಿದೆ. ‘ಶೋಲೆ’ಯ ಗಬ್ಬರ್ ಸಿಂಗ್ ಓಡಾಡಿದ್ದು ಒಂದು ಕಾಲಕ್ಕೆ ನೆಲದಾಳದಲ್ಲಿದ್ದ ಬಂಡೆಗಳ ಮೇಲೆ. ಮೇಲಿದ್ದ ನೆಲವನ್ನೆಲ್ಲ ಮಳೆ ಗಾಳಿ ಸವೆಸಿ ಒಯ್ದಮೇಲೆ ಅವು ಹೊರಬಿದ್ದವು.

ನೀರು ಚಿಮುಕಿಸಿ ಬಿಸಿಲಿಗೆ ಹಿಡಿದು ನೋಡಿದರೆ ಒಳಕಲ್ಲಿನ ಮೈಯಲ್ಲಿ ಮೂರು ಬಗೆಯ ಕಣ ಕಾಣುತ್ತವೆ: ಗಾಜಿನಂತೆ ಹೊಳೆಯುವ ಬೆಣಚು, ಬಿಳಿ ಅಥವಾ ನಸುಗೆಂಪಿನ ಫೆಲ್ಡ್‌ಸ್ಪಾರ್, ಮಿನುಗುವ ಕರಿಚುಕ್ಕೆಯ ಕಾಗೆಬಂಗಾರ. ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಅಳತೆಯಲ್ಲಿ ಬೆಣಚಿಗೆ 7, ಫೆಲ್ಡ್‌ಸ್ಪಾರಿಗೆ 6, ಕಾಗೆಬಂಗಾರಕ್ಕೆ 3ರ ಆಸುಪಾಸು. ಹತ್ತಕ್ಕೆ ಹತ್ತು ವಜ್ರಕ್ಕೇ ಮೀಸಲು. ಕಣಗಳು ಒಂದೇ ಸಮ ಸವೆಯುವುದಿಲ್ಲವಾದ್ದರಿಂದ ಮೈ ಬಹುಕಾಲ ತರಿತರಿಯಾಗಿರುತ್ತದೆ. ನೆನೆದ ಅಕ್ಕಿ ಅರೆಯುವುದು ಆ ತರಿಯಿಂದಲೇ. ವರ್ಷಗಟ್ಟಲೆ ತಿರುಗಿದ ಮೇಲೆ ಅದೂ ನುಣುಪಾಗುತ್ತದೆ. ಆಗ ಉಳಿ ಸುತ್ತಿಗೆ ಹಿಡಿದು ಬೀದಿಯಲ್ಲಿ ಕೂಗುತ್ತ ಬರುವವರನ್ನು ಅಜ್ಜಿ ಕರೆಯುತ್ತಿದ್ದರು. ಕಲ್ಲಿಗೆ ಹೊಸದಾಗಿ ಏಟು ಬಿದ್ದ ಮೇಲೆ ಮೊದಲು ಒಂದಷ್ಟು ಅಕ್ಕಿ ರುಬ್ಬಿ ಚೆಲ್ಲುವ ಪದ್ಧತಿಯಿತ್ತು. ಇಲ್ಲದಿದ್ದರೆ 250 ಕೋಟಿ ವರ್ಷದ ಬೆಣಚು ದೋಸೆಯ ಜೊತೆ ಹಲ್ಲಿಗೆ ಸಿಗುತ್ತಿತ್ತು.

ಪಡಸಾಲೆಯ ನೆಲದ್ದು ಬೇರೆ ಸ್ವಭಾವ. ಶಹಾಬಾದ್ ಕಲ್ಲು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು. ಭೂಮಿಯಲ್ಲಿ ಮೀನು ಕೂಡ ಹುಟ್ಟಿರದ ಕಾಲದಲ್ಲಿ, ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು ಅದು. ಪದರಗಳ ಸಂದಿನಲ್ಲಿ ಸನಿಕೆ ಇಟ್ಟು ಮೀಟಿದರೆ ಚಪ್ಪಡಿಯಾಗಿ ಏಳುತ್ತದೆ, ಹೆಚ್ಚು ಕೊಯ್ಯುವ ಕೆಲಸವಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಬರಿಮೈಯಲ್ಲಿ ಮಲಗುವ ಸುಖ ಮೊಸಾಯಿಕ್‌ಗೂ ಟೈಲ್ಸ್‌ಗೂ ಬಾರದು. ಇದು ವಿಜ್ಞಾನವಲ್ಲ, ಪಕ್ಷಪಾತ. ಅದಕ್ಕೆ ಆಗದಿರುವುದು ಹುಳಿ. ನಿಂಬೆರಸ ಬಿದ್ದಲ್ಲಿ ಸುಣ್ಣ ಕರಗಿ, ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಏಳುತ್ತದೆ. ಒರೆಸಿದರೂ ಹೊಳಪು ಹೋದ ಮಂಕು ಕಲೆ ಉಳಿಯುತ್ತದೆ. ಕ್ಷೇತ್ರಕ್ಕೆ ಹೋದ ಭೂವಿಜ್ಞಾನಿ ಸುಣ್ಣಕಲ್ಲನ್ನು ಗುರುತಿಸಲು ಜೇಬಿನ ಸೀಸೆಯಿಂದ ಒಂದು ಹನಿ ಆಮ್ಲ ಹಾಕಿ ನೋಡುವುದೂ ಇದೇ ಪರೀಕ್ಷೆ.

ಹಾಗಾಗಿ ಉಪ್ಪಿನಕಾಯಿಯ ಜಾಗ ಮರಿಗೆಯಲ್ಲಿ. ಅದನ್ನು ಕಡೆದಿರುವುದು ಬಳಪದ ಕಲ್ಲಿನಲ್ಲಿ, ಅದು ರೂಪಾಂತರ ಶಿಲೆ. ಉಪ್ಪು ಹುಳಿ ಅದನ್ನು ಏನೂ ಮಾಡುವುದಿಲ್ಲ, ಒಲೆಯಿಂದ ಇಳಿಸಿದ ಮೇಲೂ ಸಾರು ಬಹಳ ಹೊತ್ತು ಕುದಿಯುತ್ತಿರುತ್ತದೆ. ಮೆಗ್ನೀಷಿಯಂ ತುಂಬಿದ ಹಳೆಯ ಅಗ್ನಿಶಿಲೆ ಕಾವು, ಒತ್ತಡ, ಬಿಸಿನೀರುಗಳ ಕೈಗೆ ಸಿಕ್ಕಿ ಈ ರೂಪ ತಾಳುತ್ತದೆ. ಅದರಲ್ಲಿರುವ ಟಾಲ್ಕ್ ಖನಿಜಕ್ಕೆ ಮೋಸ್ ಅಳತೆಯಲ್ಲಿ ಬರೀ 1, ಉಗುರಿನಿಂದಲೇ ಗೀಚಬಹುದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಶಿಲಾಬಾಲಿಕೆಯ ಬಳೆಗಳು ಒಂದೊಂದೂ ಬಿಡಿಬಿಡಿಯಾಗಿ ಎದ್ದು ಕಾಣುವುದಕ್ಕೆ ಶಿಲ್ಪಿಯ ಕೈಯಷ್ಟೇ ಈ ಜಾತಿಯ ಮೆತ್ತನೆಯ ಕಲ್ಲೂ ಕಾರಣ. ಹಂಪಿಯ ಗ್ರಾನೈಟಿನಲ್ಲಿ ಅಷ್ಟು ನವುರು ಕೆಲಸ ಮಾಡಹೊರಟರೆ ಉಳಿಯ ಬಾಯಿ ಹೋಗುತ್ತದೆ. ಮಕ್ಕಳ ಕೈಯ ಬಳಪದ ಕಡ್ಡಿಗೂ ಅದೇ ಮೆದುತನ ಬೇಕು. ಅದು ಗೀಚುತ್ತಿದ್ದ ಸ್ಲೇಟು ಕೂಡ ಜೇಡಿಶಿಲೆ ಒತ್ತಡಕ್ಕೆ ಸಿಕ್ಕಿ ಆದದ್ದು. ಒಂದು ರೂಪಾಂತರ ಶಿಲೆಯ ಮೇಲೆ ಇನ್ನೊಂದು ರೂಪಾಂತರ ಶಿಲೆಯಿಂದ ಎಷ್ಟೋ ತಲೆಮಾರು ಅಆಇಈ ಕಲಿತಿವೆ.

ರೂಪಾಂತರ ಶಿಲೆಯೆಲ್ಲ ಮೆತ್ತಗೇ ಇರಬೇಕೆಂದಿಲ್ಲ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ನೈಸ್ ಎಂಬ ಗಟ್ಟಿ ಜಾತಿ, ಸುಮಾರು 300 ಕೋಟಿ ವರ್ಷ ಹಳೆಯದು. ಅದರ ಕಪ್ಪು ಬಿಳಿ ಪಟ್ಟಿಗಳು ಬಳುಕಿ ಮಡಿಚಿರುವುದನ್ನು ವಾಕಿಂಗ್ ಬಂದವರು ಬಗ್ಗಿ ನೋಡುವುದು ಕಡಿಮೆ.

ಯಾವ ಜಾತಿಯದೂ ಶಾಶ್ವತವಲ್ಲ. ಮಳೆನೀರು ಫೆಲ್ಡ್‌ಸ್ಪಾರನ್ನು ಜೇಡಿಮಣ್ಣು ಮಾಡುತ್ತದೆ, ಬೆಣಚು ಮರಳಾಗಿ ಹೊಳೆಗೆ ಇಳಿಯುತ್ತದೆ, ಹೊಳೆ ಅದನ್ನು ಉರುಳಿಸಿ ಮೂಲೆ ಸವೆಸಿ ಗುಂಡಗೆ ಮಾಡುತ್ತದೆ. ಈಗ ಹೊಳೆಮರಳು ದುರ್ಲಭವಾಗಿ, ಕ್ರಷರುಗಳು ಬಂಡೆಯನ್ನೇ ಪುಡಿಮಾಡಿ ಎಂ-ಸ್ಯಾಂಡ್ ಕೊಡುತ್ತವೆ. ಉರುಳುವ ಭಾಗ್ಯವಿಲ್ಲದ ಆ ಕಣಗಳಿಗೆ ಮೂಲೆ ಮೊನೆ ಹಾಗೇ ಉಳಿದಿರುತ್ತವೆ. ಶಹಾಬಾದ್, ವಾಡಿಗಳ ಸುಣ್ಣಕಲ್ಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೆಂದು ಸಿಮೆಂಟಾಗುತ್ತದೆ. ಒಳಕಲ್ಲೂ ಚಪ್ಪಡಿಯೂ ಇಲ್ಲದ ಹೊಸ ಮನೆಯ ತಾರಸಿಯಲ್ಲಿ ಹೀಗೆ ಎರಡೂ ಕಲಸಿಕೊಂಡಿವೆ. ಜಲ್ಲಿಯನ್ನು ಸಿಮೆಂಟಿನಲ್ಲಿ ಬೆಸೆಯುವ ಈ ಉಪಾಯ ಹೊಸದೇನಲ್ಲ: ಹೊಳಲ್ಕೆರೆ ಸೀಮೆಯ ತಾಳ್ಯದ ಬಳಿ 250 ಕೋಟಿ ವರ್ಷಕ್ಕೂ ಹಿಂದಿನ ನೀರು ಉರುಳಿಸಿ ತಂದ ಉಂಡೆಗಲ್ಲುಗಳು ಮಣ್ಣುಮರಳಿನಲ್ಲಿ ಬೆಸೆದು ಬಂಡೆಯಾಗಿವೆ. ಅನಂತರದ ಒತ್ತಡಕ್ಕೆ ಅವುಗಳಲ್ಲಿ ಕೆಲವು ಚಪ್ಪಟೆಯಾಗಿ ಉದ್ದಕ್ಕೆ ಎಳೆದುಕೊಂಡಿವೆ.